ಬಾಗಿನದ ದೋಣಿ

ತಾಯಲೂರು
9 ಫೆಬ್ರುವರಿ 2025

ಚಿರಂಜೀವಿ ಶ್ರೀವಾಣಿಗೆ ನಿನ್ನ ಸೋದರಮಾವ ಗಂಗುಲಪ್ಪ ಮಾಡುವ ಆಶೀರ್ವಾದ.

ನಾನು ಚೆನ್ನಾಗಿದ್ದೇನೆ. ನಿನ್ನ ಸುನಂದತ್ತೆ ನನಗಿಂತ ಚೆನ್ನಾಗಿದ್ದಾಳೆ. ಬೆಳಗಿನಿಂದ ಮೂರು ಸಲ ಬೈದಿದ್ದಾಳೆ, ದನಿ ಒಂದಿಷ್ಟೂ ಇಳಿದಿಲ್ಲ. ಜೇಬಿನಲ್ಲಿ ಫೋನ್ ಇಟ್ಟುಕೊಂಡು ಈ ಮಾವ ಕಾಗದ ಯಾಕೆ ಬರೆಯುತ್ತಾನೆ ಎಂದು ನೀನು ಕೇಳಬಹುದು. ನಾನು ಫೋನಿನಲ್ಲಿ ಮಾತಾಡಿದರೆ ಆ ತುದಿಯವರಿಗಿಂತ ಮೊದಲು ನಮ್ಮೂರಿಗೆ ಕೇಳಿಸುತ್ತದೆ. ಇದು ಗುಟ್ಟಿನ ವಿಷಯ. ಮೇಲಾಗಿ ನಾನು ಏಳನೇ ಕ್ಲಾಸಿನವರೆಗೆ ಓದಿದವನು. ನನ್ನ ಅಕ್ಷರ ನೋಡಿ ಮೇಷ್ಟ್ರು ಬೇರೆ ಹುಡುಗರ ಕಾಪಿ ಪುಸ್ತಕವನ್ನೂ ನನ್ನ ಕೈಯಲ್ಲೇ ಬರೆಸುತ್ತಿದ್ದರು. ಅಂಥ ಅಕ್ಷರ ತುಕ್ಕು ಹಿಡಿಯಬಾರದು.

ವಿಷಯ ಇಷ್ಟು: ನಾನು ಒಂದು ಮೋಟರ್ ದೋಣಿ ಕೊಳ್ಳುತ್ತೇನೆ.

ನಗುವುದಾದರೆ ಈಗಲೇ ನಕ್ಕುಬಿಡು. ಮುಂದಿನದು ಓದುವಾಗ ನಗಬೇಡ.

ಹನ್ನೊಂದು ವರ್ಷದ ಹಿಂದೆ ನಮ್ಮ ಗೃಹಪ್ರವೇಶದಲ್ಲಿ ನಡೆದದ್ದು ನಿನಗೆ ನೆನಪಿರಬೇಕು, ನೀನಾಗ ಕಾಲೇಜಿನಲ್ಲಿದ್ದೆ. ನಿಮ್ಮಪ್ಪ, ನಮ್ಮ ಉಮಾಶಂಕರ್ ಭಾವ, ಆ ವಾರವೇ ಮೂರನೇ ಬೋರ್ ಕೊರೆಸಿ ಬರೀ ಧೂಳೆಬ್ಬಿಸಿದ್ದರು. ಪಂಕ್ತಿಯಲ್ಲಿ ನೂರು ಜನ. ನಾನು ಪಾಯಸದ ಸೌಟು ಹಿಡಿದುಕೊಂಡು, "ನಮ್ಮ ಭಾವನ್ನ ಸಮುದ್ರದ ಮಧ್ಯೆ ಬಿಟ್ರೂ ನೀರು ಸಿಗಲ್ಲ ಕಣ್ರೋ" ಎಂದುಬಿಟ್ಟೆ. ಪಂಕ್ತಿಯೆಲ್ಲ ನಕ್ಕಿತು. ಭಾವನೂ ನಕ್ಕರು. ನಕ್ಕು, ಬಡಿಸಿದ ಎಲೆ ಬಿಟ್ಟೆದ್ದು ಕೈ ತೊಳೆದರು. ನಮ್ಮಕ್ಕ, ಅಂದರೆ ನಿಮ್ಮಮ್ಮ, ಹೊಸಿಲ ಆಚೆ ನಿಂತು ಹೇಳಿದಳು: "ಲೇ ಗಂಗುಲು, ಈ ಕೆರೇಲಿ ದೋಣಿ ಬಂದ ದಿನ ನಿನ್ನ ಹೊಸಿಲು ತುಳೀತೀನಿ. ಅಲ್ಲೀಗಂಟ ಇಲ್ಲ."

ಆಗ ಆ ಕೆರೆಯಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ನಮ್ಮಕ್ಕ ಅಂಜಮ್ಮನ ಮಾತು ಎಂದರೆ ನಿನಗೆ ಗೊತ್ತಲ್ಲ, ಕಲ್ಲಿನಲ್ಲಿ ಕೊರೆದ ಹಾಗೆ. ಅಂದಿನಿಂದ ಗೌರಿ ಹಬ್ಬದ ಬಾಗಿನವನ್ನು ಸುನಂದಳೇ ಬಸ್ಸಿನಲ್ಲಿ ಕೆರೆ ಸುತ್ತಿಕೊಂಡು ಹೋಗಿ ಆಚೆ ದಡದ ನಿಮ್ಮ ಮನೆಗೆ ಕೊಟ್ಟು ಬರುತ್ತಾಳೆ. "ಇದು ನಿಂದು ಅಂತ ತಗೊಂಡೆ ಸುನಂದಾ, ಅವನ್ದು ಅಂತ ಅಲ್ಲ" ಎನ್ನುತ್ತಾಳಂತೆ ಅಕ್ಕ. ತವರಿನ ಬಾಗಿನ ತಮ್ಮನ ಕೈಯಿಂದ ಹೋಗಬೇಕು ಕಣಮ್ಮ.

ಈಗ ಕೆರೆ ನೋಡು. ಬೆಂಗಳೂರಿನವರು ಮಿಂದ ನೀರನ್ನು ಸೋಸಿ ಪೈಪಿನಲ್ಲಿ ಕಳಿಸಿದರು, ಮೇಲಿಂದ ಮಳೆಯೂ ಬಂತು. ಕೆಲವು ವರ್ಷದಿಂದ ಕೆರೆಯ ತಳ ಯಾರೂ ಕಂಡಿಲ್ಲ. ಹೋದ ವರ್ಷ ಮೀನಿನ ಗುತ್ತಿಗೆಯವರು ಒಂದು ತೆಪ್ಪ ಬಿಟ್ಟರು. ನಾನು ಅವತ್ತೇ ಸುನಂದಳ ಕೈಯಲ್ಲಿ ಹೇಳಿಕಳಿಸಿದೆ. ಅಕ್ಕನ ಉತ್ತರ ಬಂತು: "ತೆಪ್ಪ ದೋಣಿಯಲ್ಲ ಅಂತ ಹೇಳು. ದೋಣಿಗೆ ಮೂತಿ ಇರ್ತದೆ. ಗುಂಡಗೆ ರೊಟ್ಟಿ ಥರ ಇರೋದನ್ನೆಲ್ಲ ದೋಣಿ ಅನ್ನೋಕಾಗಲ್ಲ."

ಸರಿ, ಮೂತಿ ಇರುವುದನ್ನೇ ತರುತ್ತೇನೆ. ಅದಕ್ಕೆ ಮೋಟರೂ ಇರುತ್ತದೆ. ಅಕ್ಕನ ಮುಂದೆ ಬೆವರು ಸುರಿಸಿಕೊಂಡು ಹುಟ್ಟು ಹಾಕುವ ಆಳಲ್ಲ ನಾನು. ನೀನು ಗಂಗೊಳ್ಳಿಯ ಶಾಲೆಗೆ ಟೀಚರಾಗಿ ಹೋಗಿ ನಾಲ್ಕು ವರ್ಷವಾಯಿತು. ಕಿಟಕಿ ತೆಗೆದರೆ ದೋಣಿಗಳೇ ಕಾಣುತ್ತವೆ ಎಂದಿದ್ದೆ. ನಮ್ಮಂಥವರ ಕೈಗೆಟುಕುವ ಒಂದನ್ನು ನೋಡು. ಮನೆಯಲ್ಲಿ ಉಸಿರೆತ್ತಬೇಡ.

ಇಂತಿ ನಿನ್ನ ಪ್ರೀತಿಯ ಮಾವ,
ಗಂಗುಲಪ್ಪ
(ತಾಯಲೂರು ಹೋಬಳಿಯ ಮೊದಲ ದೋಣಿ ಮಾಲೀಕ, ಸದ್ಯದಲ್ಲೇ)


ಗಂಗೊಳ್ಳಿ
23 ಫೆಬ್ರುವರಿ 2025

ಮಾವನಿಗೆ ವಾಣಿಯ ನಮಸ್ಕಾರಗಳು.

ನಿಮ್ಮ ಕಾಗದವನ್ನು ಸ್ಟಾಫ್ ರೂಮಿನಲ್ಲಿ ಓದಿ ನಕ್ಕೆ. ನೀವು ನಗಬೇಡ ಎಂದಲ್ಲಿ ನಗಲಿಲ್ಲ.

ವಿಚಾರಿಸಿದೆ. ನನ್ನ ವಿದ್ಯಾರ್ಥಿನಿಯೊಬ್ಬಳ ತಂದೆ ಇಲ್ಲಿ ಹಳೆಯ ದೋಣಿಗಳನ್ನು ಮಾರುತ್ತಾರೆ. ಮೊದಲ ಸಲ ಕೊಳ್ಳುವವರು ದೊಡ್ಡದಕ್ಕೆ ಆಸೆ ಪಡಬಾರದಂತೆ. ಹದಿನಾಲ್ಕು ಅಡಿಯ ಫೈಬರ್ ದೋಣಿ, ಹಿಂದೆ ತೂಗುಹಾಕುವ ಸಣ್ಣ ಮೋಟರ್, ಹತ್ತು ಎಚ್‌ಪಿ ಒಳಗಿನದು, ನಿಮ್ಮ ಕೆರೆಗೆ ಅದೇ ಹೆಚ್ಚು. ಹೊಸದು ಬೇಡ. ಜೂನಿನಲ್ಲಿ ಮಳೆಗಾಲಕ್ಕೆ ದೋಣಿಗಳನ್ನು ದಡಕ್ಕೆಳೆಯುತ್ತಾರೆ, ಆಗ ಅಗ್ಗ. ತಳ ತಟ್ಟಿ ನೋಡಬೇಕು, ಬಿರುಕಿಗೆ ಬಣ್ಣ ಬಳಿದಿದ್ದಾರಾ ನೋಡಬೇಕು. ಲೈಫ್ ಜಾಕೆಟ್ ನಾನೇ ಕೊಡಿಸುತ್ತೇನೆ. ಜೊತೆಗೆ ಎರಡು ಹುಟ್ಟು ಇರಲೇಬೇಕು. ಮೋಟರ್ ಕೈಕೊಟ್ಟರೆ ಅದೇ ಗತಿ.

ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಅಪ್ಪನಿಗೆ ನೀವು ಒಂದು ಮಾತು ಹೇಳಿದ್ದರೆ ಅದು ಎಲ್ಲ ದೋಣಿಗಿಂತ ಅಗ್ಗವಾಗುತ್ತಿತ್ತು. ಅಮ್ಮ ಸಂಜೆ ಹಿತ್ತಿಲಲ್ಲಿ ನಿಂತು ಕೆರೆಯಾಚೆ ನಿಮ್ಮ ಮನೆಯ ದೀಪ ಹತ್ತಿತಾ ಎಂದು ನೋಡುತ್ತಾಳೆ. ಹತ್ತದಿದ್ದರೆ ನನಗೆ ಫೋನ್ ಮಾಡಿ, "ನಿಮ್ಮ ಮಾವನ ಮನೇಲಿ ಕರೆಂಟಿಲ್ಲವೇನೋ, ಕೇಳು" ಎನ್ನುತ್ತಾಳೆ. ನಾನು ಯಾಕೆ ಆಗಾಗ ಫೋನ್ ಮಾಡಿ ಕರೆಂಟಿದೆಯಾ ಎಂದು ಕೇಳುತ್ತೇನೆ ಅಂತ ನಿಮಗೆ ಈಗ ಗೊತ್ತಾಯಿತು.

ನಿಮ್ಮ
ವಾಣಿ


ತಾಯಲೂರು
4 ಮಾರ್ಚ್ 2025

ಚಿರಂಜೀವಿ ವಾಣಿಗೆ ಆಶೀರ್ವಾದ.

ಕಾಗದ ಬಂತು. ಪೋಸ್ಟ್‌ಮ್ಯಾನ್ ಕವರನ್ನು ಎರಡು ಸಲ ತಿರುಗಿಸಿ ನೋಡಿ, "ಯಾರದಣ್ಣಾ, ಲವ್ ಲೆಟರಾ" ಎಂದ. ಹೌದು, ಮೂರನೆಯದು ಎಂದೆ. ಅದನ್ನವನು ಸುನಂದಳಿಗೆ ಹೇಳಿದ. ಆ ವಿಷಯ ಇಲ್ಲಿಗೇ ಬಿಡೋಣ.

ಹತ್ತು ಎಚ್‌ಪಿಗೆ ನನ್ನ ಮನಸ್ಸು ಒಪ್ಪುತ್ತಿಲ್ಲ. ನನ್ನ ಟ್ರ್ಯಾಕ್ಟರೇ ಮೂವತ್ತೈದು. ಆದರೂ ಟೀಚರ್ ಹೇಳಿದ್ದೀಯ ಎಂದು ಒಪ್ಪಿದೆ. ಹುಟ್ಟಿನ ಮಾತು ಮಾತ್ರ ಎತ್ತಬೇಡ. ಬಸ್ಸು ಕೆಟ್ಟೀತು ಎಂದು ಯಾರಾದರೂ ಹಿಂದೆ ಒಂದು ಜೋಡಿ ಎತ್ತು ಕಟ್ಟಿಕೊಂಡು ಹೋಗುತ್ತಾರಾ? ಮೋಟರ್ ದೋಣಿಯಲ್ಲಿ ಹುಟ್ಟು ಕಂಡರೆ ಅಕ್ಕ ಒಂದೇ ಮಾತಿನಲ್ಲಿ ನನ್ನ ಮಾನ ಕಳೆಯುತ್ತಾಳೆ.

ಪಂಚಾಯ್ತಿಗೆ ಅರ್ಜಿ ಕೊಟ್ಟೆ. ಪಿಡಿಒ ಮೇಡಂ ಹತ್ತು ನಿಮಿಷ ನನ್ನ ಮುಖ ನೋಡಿ, "ಗಂಗುಲಪ್ಪನವರೇ, ಉದ್ದೇಶ ಅನ್ನೋ ಕಡೆ ಏನು ಬರೀಲಿ" ಎಂದರು. ಅಕ್ಕನನ್ನು ಕರೆತರುವುದು ಎಂದು ಬರೆಯಿರಿ ಎಂದೆ. ಬರೆದುಕೊಂಡರು. ಗುತ್ತಿಗೆಯವರ ಬಲೆಗೆ ತೊಂದರೆಯಾಗಬಾರದು, ಜಾಕೆಟ್ ಇಲ್ಲದೆ ಯಾರನ್ನೂ ಹತ್ತಿಸಬಾರದು ಎಂದು ಷರತ್ತು.

ನಿನ್ನ ಕಾಗದದ ಕೊನೆಯ ಭಾಗ ಓದಿದೆ. ಮನೆಯ ಮುಂದೆ ದೊಡ್ಡ ಬಲ್ಬು ಹಾಕಿಸಿದ್ದೇನೆ.

ನಿನ್ನ ಮಾವ,
ಗಂಗುಲಪ್ಪ


ತಾಯಲೂರು
19 ಜೂನ್ 2025

ಚಿರಂಜೀವಿ ವಾಣಿಗೆ ದೋಣಿ ಮಾಲೀಕನ ಆಶೀರ್ವಾದ.

ನಾನು ದೋಣಿ ಕೊಳ್ಳಲು ಗಂಗೊಳ್ಳಿಗೆ ಬಂದ ದಿನ ನೀನು ಶಾಲೆಗೆ ಹೋದಮೇಲೆ ದಡದಲ್ಲಿ ನಡೆದದ್ದನ್ನು ನನ್ನ ಬಾಯಿಂದಲೇ ಕೇಳು. ತಾಜ್ ಪಾಷಾ ಬೇರೆ ಥರ ಹೇಳಿದ್ದರೆ ನಂಬಬೇಡ. ಅವನು ಕೋಲಾರದ ಮಂಡಿಯಿಂದ ಘಟ್ಟದ ಕೆಳಗೆ ಟೊಮೇಟೊ ಲೋಡ್ ಹೊಡೆಯುವವನು, ನನ್ನ ಜೊತೆ ಓದಿದವನು. ಲಾರಿ ಅವನದಾದ್ದರಿಂದ ಬುದ್ಧಿಯೂ ತನ್ನದೇ ಎಂದುಕೊಂಡಿದ್ದಾನೆ.

ನಾನು ದೋಣಿಯ ಮುಂದೆ ನಿಂತು ಮೂತಿ ನೋಡಿದೆ. ಬೆನ್ನು ಸವರಿದೆ. ಎಲ್ಲಾದರೂ ಕೆಟ್ಟ ಸುಳಿ ಇದೆಯಾ ಎಂದು ಸುತ್ತಲೂ ಬಂದೆ. ತಾಜ್ ಪಾಷಾ, "ಅಣ್ಣಾ, ಎತ್ತಾದ್ರೆ ಹಲ್ಲು ನೋಡ್ತೀಯಾ. ಇದರ ಬಾಯಿ ಯಾವ ಕಡೆ" ಎಂದ. ನಗಲಿ. ನಲವತ್ತು ವರ್ಷ ದನದ ಸಂತೆ ಮಾಡಿದ ಕಣ್ಣಿದು. ನೀನು ಹೇಳಿದಂತೆ ತಳ ತಟ್ಟಿದೆ. ಒಂದು ಕಡೆ ಟಣ್ ಅನ್ನದೆ ದಬ್ ಎಂದಿತು. ಅದನ್ನು ಬಿಟ್ಟು ಪಕ್ಕದ ನೀಲಿ ದೋಣಿ ಹಿಡಿದೆ. ಅದು ಎಲ್ಲ ಕಡೆಯೂ ಟಣ್ ಎಂದಿತು.

ವ್ಯಾಪಾರಕ್ಕೆ ಕೂತಾಗ ಪದ್ಧತಿಯಂತೆ ಹೆಗಲ ಟವೆಲ್ ತೆಗೆದು ದೋಣಿ ಮಾರುವವರ ಕೈ ಮೇಲೆ ಹಾಸಿ, ಕೆಳಗಿನಿಂದ ಬೆರಳು ಹಿಡಿದೆ. ಅವರು ಬೆಚ್ಚಿ, "ಎಂತ ಮಾರಾಯ್ರೆ, ಕೈ ಬಿಡಿ" ಎಂದು ಎದ್ದೇ ನಿಂತರು. ಪಾಪ, ಸಮುದ್ರದ ಪಕ್ಕ ಹುಟ್ಟಿದ್ದಾರೆ, ಟವೆಲ್ ಕೆಳಗೆ ಬೆರಳು ಮುಟ್ಟಿ ಬೆಲೆ ಕಟ್ಟುವುದು ಗೊತ್ತಿಲ್ಲ. ಕೊನೆಗೆ ಬಾಯಿಬಿಟ್ಟೇ ಬೆಲೆ ಹೇಳಿಕೊಂಡೆವು. ಸುತ್ತ ಇದ್ದವರಿಗೆಲ್ಲ ಕೇಳಿಸಿತು. ಎಂಥ ನಾಚಿಕೆಗೇಡು. ಮೋಟರಿನ ವಿಷಯ ಏನೇನೋ ಹೇಳುತ್ತಿದ್ದರು. ಗೊತ್ತು ಗೊತ್ತು ಎಂದು ತಲೆಯಾಡಿಸಿದೆ.

ನಮ್ಮ ದೋಣಿ ಖಾಲಿ ಟೊಮೇಟೊ ಕ್ರೇಟುಗಳ ಮೇಲೆ ಮಲಗಿ ಘಟ್ಟ ಹತ್ತಿತು. ಮುಳಬಾಗಿಲಿನಲ್ಲಿ ಲಾರಿಗೆ ಜನ ಮುತ್ತಿದರು. ಊರಿಗೆ ಬಂದಮೇಲೆ ಅದನ್ನು ನನ್ನ ಟ್ರ್ಯಾಕ್ಟರಿನ ಟ್ರೈಲರಿಗೆ ಇಳಿಸಿ, ಮಾವಿನ ಎಲೆ ತೋರಣ, ಮೂತಿಗೆ ಚೆಂಡುಹೂವಿನ ಹಾರ, ಹಿಂದೆ ಮೋಟರ್ ಚಾಲು ಮಾಡಿ ಅರ್ಧ ಗಂಟೆ ಊರಲ್ಲಿ ಮೆರವಣಿಗೆ ಮಾಡಿಸಿದೆ. ನೆಲದ ಮೇಲೆ ಆ ಮೋಟರ್ ಕೂಗಿದ ಕೂಗಿಗೆ ಕೋಳಿಗಳು ಸೂರು ಹತ್ತಿದವು. ತಮಟೆಯವರು ನಾಚಿ ನಿಲ್ಲಿಸಿಬಿಟ್ಟರು. ಜಗಲಿಯ ಮೇಲಿದ್ದ ದೊಡ್ಡಮುನಿಯಪ್ಪ ತೆಲುಗಿನಲ್ಲಿ, "ಏಮಿರಾ ಗಂಗುಲಪ್ಪಾ, ಇದಿ ಟ್ರಾಕ್ಟರಾ ಪಡವಾ" ಎಂದು ಕೇಳಿದ. ಪಡವನೇ, ದೋಣಿಯೇ, ಕಣ್ಣು ತುಂಬ ನೋಡಿಕೋ ತಾತಾ ಎಂದೆ. ಕೊನೆಗೆ ಸ್ವಲ್ಪ ರಬ್ಬರ್ ಸುಟ್ಟ ವಾಸನೆ ಬಂತು. ಹೊಸ ಊರು ಕಂಡು ಮೋಟರ್ ಹೆದರಿರಬೇಕು.

ಈಗ ಸುನಂದಳಿಗೂ ಗೊತ್ತಾಯಿತು. "ನಂಗೊಂದು ವಾಷಿಂಗ್ ಮಿಷನ್ ಕೇಳಿದ್ರೆ ನೀರಿಲ್ಲ ಅಂತೀರಾ" ಎಂದಳು. ವಿಷಯ ಅಕ್ಕನದು ಎಂದು ಹೇಳಿದೆ. ಆಮೇಲೆ ತಾನೇ ದೋಣಿಗೆ ಕುಂಕುಮ ಇಟ್ಟಳು.

ಇಂತಿ,
ಗಂಗುಲಪ್ಪ
(ಮಾಲೀಕ ಮತ್ತು ಚಾಲಕ)


ಗಂಗೊಳ್ಳಿ
20 ಜೂನ್ 2025

ಮಾವನಿಗೆ ನಮಸ್ಕಾರ. ಅವಸರದಲ್ಲಿ ಬರೆಯುತ್ತಿದ್ದೇನೆ, ನಿಮ್ಮ ಫೋನ್ ಹತ್ತುತ್ತಿಲ್ಲ.

ದೋಣಿ ಮಾರಿದವರು ಇವತ್ತು ಶಾಲೆಯ ಹತ್ತಿರ ಸಿಕ್ಕಿ, "ನಿಮ್ಮ ಮಾವನಿಗೆ ಹೇಳಿದೆ, ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ" ಎಂದರು. ಈ ಮೋಟರನ್ನು ನೀರಿನ ಹೊರಗೆ ಒಂದು ನಿಮಿಷವೂ ಓಡಿಸಬಾರದು. ಒಳಗೊಂದು ರಬ್ಬರ್ ಚಕ್ರವಿದೆ. ಅದು ಕೆರೆಯ ನೀರನ್ನೇ ಎಳೆದು ಮೋಟರನ್ನು ತಂಪಾಗಿಡುತ್ತದೆ. ನೀರಿಲ್ಲದೆ ಓಡಿಸಿದರೆ ಚಕ್ರ ಸುಟ್ಟುಹೋಗುತ್ತದೆ. ಓಡುವಾಗ ಹಿಂದಿನಿಂದ ಸಣ್ಣಗೆ ನೀರು ಚಿಮ್ಮುತ್ತಿರಬೇಕು. ಚಿಮ್ಮದಿದ್ದರೆ ತಕ್ಷಣ ನಿಲ್ಲಿಸಿ.

ನೀವು ಕೆರೆಗಿಳಿಸುವ ಮುಂಚೆ ಇದು ಕೈ ಸೇರಲಿ ಎಂದು ಸ್ಪೀಡ್ ಪೋಸ್ಟ್ ಮಾಡುತ್ತಿದ್ದೇನೆ.

ವಾಣಿ


ತಾಯಲೂರು
14 ಆಗಸ್ಟ್ 2025

ಚಿರಂಜೀವಿ ವಾಣಿಗೆ ಆಶೀರ್ವಾದ.

ನಿನ್ನ ಸ್ಪೀಡ್ ಪೋಸ್ಟ್ ಜೂನಿನಲ್ಲೇ ಬಂತು. ಉತ್ತರ ಬರೆಯಲು ಕೈ ಬಿಡುವಾಗಲಿಲ್ಲ. ಚಕ್ರದ ವಿಷಯ ತಲೆ ಕೆಡಿಸಿಕೊಳ್ಳಬೇಡ. ದಡದ ಹತ್ತಿರ ಐದು ನಿಮಿಷ ಓಡಿಸಿ ನೋಡಿದ್ದೇನೆ, ಹುಲಿಯ ಹಾಗೆ ಹೋಯಿತು. ಹಿಂದಿನಿಂದ ನೀರು ಚಿಮ್ಮಿತಾ ಎಂದು ಕೇಳಬೇಡ, ಓಡಿಸುವವನು ಮುಂದೆ ನೋಡಬೇಕು.

ಸುನಂದಳನ್ನು ಕೆರೆಯಾಚೆಗೆ ಕಳಿಸಿದೆ. "ಗೌರಿ ಹಬ್ಬಕ್ಕೆ ನಿಮ್ಮ ತಮ್ಮ ತಾವೇ ಬಾಗಿನ ತರ್ತಾರಂತೆ ಅತ್ತಿಗೆ, ದೋಣೀಲಿ" ಎಂದು ಹೇಳಿದಳಂತೆ. ಅಕ್ಕ ರಾಗಿ ಆರಿಸುತ್ತಿದ್ದವಳು ಮೊರ ಕೆಳಗಿಡಲಿಲ್ಲ. "ಮೂತಿ ಇದೆಯಾ" ಎಂದಳು. ಇದೆ. "ಯಾವ ಬಣ್ಣ?" ನೀಲಿ. ಮೊರವನ್ನು ಎರಡು ಸಲ ಕೇರಿ, "ನನ್ನ ಮಾತು ನಾನು ತಪ್ಪಲ್ಲ. ಆದ್ರೆ ಎಲೆ ಬಿಟ್ಟೆದ್ದು ಬಂದೋರು ಅವರು. ಅವರು ದೋಣಿ ಹತ್ತಿದ್ರೆ ನಾನೂ ಹತ್ತುತೀನಿ" ಎಂದಳಂತೆ.

ವಾಣಿ, ಅಕ್ಕನಿಗೆ ನಾನು ಹೆದರುವುದಿಲ್ಲ. ಚಿಕ್ಕಂದಿನಿಂದ ಅವಳ ಕೈಯಲ್ಲಿ ಹೊಡೆತ ತಿಂದು ಅಭ್ಯಾಸ. ಭಾವ ಹಾಗಲ್ಲ. ಸಂತೆಯಲ್ಲಿ ಸಿಕ್ಕರೆ ಈಗಲೂ "ಊಟ ಆಯ್ತಾ" ಎನ್ನುತ್ತಾರೆ. ಅದನ್ನು ಕೇಳಿದಾಗ ನನಗೆ ಆ ಎಲೆ ನೆನಪಾಗಿ ಬಾಯಿ ಕಟ್ಟುತ್ತದೆ. ನನ್ನ ಬಾಯಿ ಕಟ್ಟಿದ್ದನ್ನು ನೀನು ಎಂದಾದರೂ ಕಂಡಿದ್ದೀಯಾ? ಅವರು ಬರದಿದ್ದರೆ ಈ ದೋಣಿಯಲ್ಲಿ ದನಕ್ಕೆ ಹಿಂಡಿ ಕಲಸುವುದು ಅಷ್ಟೇ.

ಅವರು ಸುನಂದಳನ್ನು ಕೇಳಿದ್ದು ಒಂದೇ ಮಾತಂತೆ: "ಮೋಟರ್ ಎಷ್ಟು ಎಚ್‌ಪಿ?"

ಇದಕ್ಕೇನು ಅರ್ಥ, ನೀನು ಓದಿದವಳು, ಹೇಳು.

ಗಂಗುಲಪ್ಪ


ತಾಯಲೂರು
29 ಆಗಸ್ಟ್ 2025

ಚಿರಂಜೀವಿ ವಾಣಿಗೆ ಮಾವನ ಆಶೀರ್ವಾದ.

ನಿಮ್ಮಮ್ಮ ಫೋನಿನಲ್ಲಿ ಹೇಳಿರುತ್ತಾಳೆ. ಆದರೂ ನನ್ನ ಕಡೆಯದನ್ನು ನಾನೇ ಬರೆಯಬೇಕು. ಈ ಸಲ ಹೆಚ್ಚುಕಡಿಮೆ ಎಲ್ಲವೂ ನಿಜ.

ಹಬ್ಬದ ಬೆಳಗ್ಗೆ ಬಿಳಿ ಶರ್ಟು ಹಾಕಿ ಹೊರಟೆ. ಬಾಗಿನವನ್ನು ಸುನಂದ ಹಿಂದಿನ ದಿನವೇ ಜೋಡಿಸಿದ್ದಳು: ಅರಿಶಿನ ಬಳಿದ ಎರಡು ಮೊರ, ಒಂದರ ಮೇಲೊಂದು ಮುಚ್ಚಿದ್ದು, ಒಳಗೆ ಬಳೆ, ಕನ್ನಡಿ, ಬೇಳೆ, ಬೆಲ್ಲ, ಹಸಿರು ರವಿಕೆ ಕಣ. ಹತ್ತೇ ನಿಮಿಷದಲ್ಲಿ ಆಚೆ ದಡ. ಮೋಟರ್ ಕೊನೆಯಲ್ಲಿ ಸ್ವಲ್ಪ ಕೆಮ್ಮಿತು, ನಿಲ್ಲಿಸಿ ಆರಲು ಬಿಟ್ಟೆ.

ಅಕ್ಕ ರೇಷ್ಮೆ ಸೀರೆಯುಟ್ಟು ದಡದಲ್ಲಿ ನಿಂತಿದ್ದಳು. ನನ್ನ ಮುಖ ನೋಡಲಿಲ್ಲ. ದೋಣಿಯ ಮುಂದೆ ಬಂದು ಮೂತಿ ಮುಟ್ಟಿ, "ಇದೆ" ಎಂದಳು. ಜಾಕೆಟ್ ಹಾಕಿದಾಗ, "ಏನ್ಲಾ ಇದು, ಕಡಲೇಕಾಯಿ ಮೂಟೆ ಕಟ್ಟಿದಂಗೆ ಕಟ್ಟಿದ್ದೀಯ" ಎಂದಳು. ಹನ್ನೊಂದು ವರ್ಷದ ಮೇಲೆ ನನಗೆ ಸಿಕ್ಕ ಮೊದಲ ಬೈಗುಳ. ಭಾವ ಹಿಂದಿನಿಂದ ಕೈಚೀಲ ಹಿಡಿದು ಬಂದು ಹತ್ತಿ ಮೋಟರಿನ ಪಕ್ಕ ಕೂತರು. ಚೀಲದಲ್ಲಿ ಸ್ಪ್ಯಾನರ್ ಇತ್ತು.

ನಡುಕೆರೆಗೆ ಬಂದಾಗ ಮೋಟರ್ ಕಿರ್ರೆಂದು ನಿಂತುಹೋಯಿತು.

ಆಗ ಎಷ್ಟು ನಿಶ್ಶಬ್ದವಾಯಿತು ಎಂದರೆ, ಬಾತುಕೋಳಿ ರೆಕ್ಕೆ ಕೊಡವಿದ್ದೂ ಕೇಳಿಸಿತು. ಭಾವ ಬಗ್ಗಿ ನೋಡಿದರು. "ಹೊರಟಾಗಿಂದ ನೋಡ್ತಿದ್ದೀನಿ, ಹಿಂದಿನಿಂದ ನೀರೇ ಬರ್ತಿಲ್ಲ. ಇದನ್ನ ಎಲ್ಲಾದ್ರೂ ನೀರಿಲ್ಲದೆ ಓಡಿಸಿದ್ಯಾ?"

ಇಲ್ಲ ಎನ್ನಲು ಬಾಯಿ ತೆರೆದೆ. ನಡುನೀರಿನಲ್ಲಿ ಸುಳ್ಳು ಹೇಳಲು ಧೈರ್ಯ ಬರಲಿಲ್ಲ. "ಅರ್ಧ ಗಂಟೆ" ಎಂದೆ.

"ಹೂಂ. ನಮ್ಮ ಹಳೇ ಬೋರು ಬತ್ತಿದಾಗ ನಾನೂ ಹಿಂಗೇ ಎರಡು ಮೋಟರ್ ಸುಟ್ಟೆ."

ಅಷ್ಟು ಸಾಕಾಯಿತು ನನಗೆ. ಮೋಟರಿನ ಮೇಲೆ ಕೈಯೂರಿಕೊಂಡು, "ಭಾವ, ಅವತ್ತು ಪಂಕ್ತೀಲಿ ನಾನು ಆ ಮಾತು ಆಡಬಾರದಿತ್ತು. ತಪ್ಪಾಯ್ತು" ಎಂದೆ.

"ಮೊದ್ಲು ಕೈ ತೆಗಿ. ಸುಡುತ್ತೆ."

ನಿಜ, ಸುಡುತ್ತಿತ್ತು. ಕೈ ತೆಗೆದೆ. ಭಾವ ಸ್ಪ್ಯಾನರನ್ನು ಚೀಲಕ್ಕೆ ಹಾಕಿ, ಸುತ್ತ ಕೆರೆಯನ್ನು ಒಮ್ಮೆ ನೋಡಿ, ನಿಧಾನವಾಗಿ ಹೇಳಿದರು: "ಗಂಗುಲಪ್ಪ, ನನ್ನನ್ನ ಸಮುದ್ರದ ಮಧ್ಯೆ ಬಿಟ್ರೂ ನೀರು ಸಿಗಲ್ಲ ಅಂದಿದ್ದೆ. ಇಲ್ಲಿ ಎಲ್ಲಿ ನೋಡಿದ್ರೂ ನೀರು. ನಿನ್ನ ಮೋಟರಿಗೆ ಮಾತ್ರ ಸಿಗ್ತಾ ಇಲ್ಲ ನೋಡು."

ಮೊದಲು ನಕ್ಕಿದ್ದು ಅಕ್ಕ. ದೋಣಿ ಆ ಕಡೆ ಈ ಕಡೆ ವಾಲುವಷ್ಟು ನಕ್ಕಳು. ನಗಬೇಡ್ವೇ ಅಕ್ಕಾ, ಮಗುಚುತ್ತೆ ಎಂದರೆ ಇನ್ನೂ ಹೆಚ್ಚಾಯಿತು. ಹನ್ನೊಂದು ವರ್ಷ ಆ ಮಾತನ್ನು ಜೋಪಾನವಾಗಿಟ್ಟುಕೊಂಡು ಸರಿಯಾದ ಜಾಗದಲ್ಲಿ ತೆಗೆದರಲ್ಲ ನಿಮ್ಮಪ್ಪ. ತಾಳ್ಮೆ ಎಂದರೆ ಅದು. ನನಗೆ ಬರುವುದಿಲ್ಲ.

ನಕ್ಕು ಮುಗಿದ ಮೇಲೆ ಅಕ್ಕ, "ಹುಟ್ಟು ಎಲ್ಲಿ" ಎಂದಳು. ನಾನು ಆಕಾಶ ನೋಡಿದೆ. ಅವಳು ನನ್ನ ಕಾಲ ಬಳಿ ಇದ್ದ ಬಾಗಿನವನ್ನು ನೋಡಿದಳು.

"ಕೊಡೋಕೆ ತಾನೇ ತಂದಿದ್ದು. ಕೊಡು."

"ಮನೆಗೆ ಹೋಗಿ, ಹೊಸಿಲು ದಾಟಿದ ಮೇಲೆ..."

"ಲೇ, ಹೊಸಿಲಿಗೆ ಹೋಗಬೇಕಾದ್ರೆ ಮೊರ ಖಾಲಿ ಆಗ್ಬೇಕು. ಕೊಡೋ."

ಜಾಕೆಟ್ಟಿನ ಕೆಳಗಿನಿಂದ ಸೆರಗು ಎಳೆದು ಒಡ್ಡಿದಳು. ಬಳೆ, ಬೇಳೆ, ಬೆಲ್ಲ, ಎಲ್ಲವನ್ನೂ ನನ್ನ ಕೈಯಾರೆ ನಮ್ಮಕ್ಕನ ಮಡಿಲಿಗೆ ತುಂಬಿದೆ. ಒಂದಿಷ್ಟು ಬೇಳೆ ಸೆರಗಿನಾಚೆ ಚೆಲ್ಲಿತು. ದೋಣಿ ಅಲ್ಲಾಡುತ್ತಿತ್ತಲ್ಲ, ಅದಕ್ಕೆ. ಆಮೇಲೆ ಒಂದು ಮೊರ ಭಾವ ಹಿಡಿದರು, ಒಂದು ನಾನು. ಅಕ್ಕ ಮಡಿಲು ಕಟ್ಟಿಕೊಂಡು ಮೂತಿಯಲ್ಲಿ ಕೂತು, "ಎಡಕ್ಕೆ, ಬಲೆ ಇದೆ. ಲೇ ಗಂಗುಲು, ಅವರು ಎರಡು ಸಲ ಎಳೆದ್ರೆ ನೀನು ಒಂದು ಸಲ ಎಳೀತೀಯಾ" ಎಂದು ಒಂದು ಗಂಟೆ ಬೈದಳು. ಮೊರದ ಅರಿಶಿನ ನಮ್ಮ ಹಿಂದೆ ಕೆರೆಯಲ್ಲಿ ಹಳದಿ ಗೆರೆ ಎಳೆಯುತ್ತ ಬಂತು.

ಈಚೆ ದಡದಲ್ಲಿ ಅರ್ಧ ಊರು ನಿಂತಿತ್ತು. ಸುನಂದ ಬಾಗಿಲಲ್ಲಿ ಕಾಲಿಗೆ ನೀರು ಕೊಟ್ಟಳು. ಅಕ್ಕ ಬಲಗಾಲಿಟ್ಟು ಹೊಸಿಲು ದಾಟಿ, ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದಳು: "ದೋಣಿ ನನ್ನ ಕರ್ಕೊಂಡು ಬರಲಿಲ್ಲ. ನಾನೇ ದೋಣೀನ ಕರ್ಕೊಂಡು ಬಂದೆ. ನೆನಪಿಟ್ಕೊಳ್ಳಿ."

ಊಟಕ್ಕೆ ಭಾವನ ಎಲೆಗೆ ನಾನೇ ಬಡಿಸಿದೆ. ಪಾಯಸದ ಸೌಟು ಕೈಯಲ್ಲಿತ್ತು, ನಾಲಿಗೆಯ ತುದಿಗೆ ಎರಡು ಒಳ್ಳೊಳ್ಳೆಯ ತಮಾಷೆ ಬಂದವು. ನುಂಗಿಕೊಂಡೆ. ಅವರು ಎಲೆಯಲ್ಲಿ ಒಂದು ಅಗುಳೂ ಬಿಡಲಿಲ್ಲ. ಕೈ ತೊಳೆಯುವಾಗ, "ಆ ರಬ್ಬರ್ ಚಕ್ರ ತರಿಸು, ನಾನು ಹಾಕಿಕೊಡ್ತೀನಿ" ಎಂದರು.

ಆದ್ದರಿಂದ ಚಕ್ರ ಕಳಿಸು. ಹಾಗೆಯೇ, ತಾಜ್ ಪಾಷಾ ಬರುವ ವಾರ ಆ ಕಡೆ ಲೋಡ್ ತರುತ್ತಾನೆ, ಅವನ ಕೈಯಲ್ಲಿ ಎರಡು ಹುಟ್ಟು ಕೊಟ್ಟುಬಿಡು. ಯಾರಿಗೆ ಎಂದು ಅವನಿಗೆ ಹೇಳಬೇಡ.

ಅವರಿಬ್ಬರೂ ಸಂಜೆ ಬಸ್ಸಿಗೆ ಹೋದರು. ಅಕ್ಕ ಒಂದು ಮೊರ ತೆಗೆದುಕೊಂಡಳು. ಇನ್ನೊಂದನ್ನು ಮರೆತಳೇನೋ ಎಂದು ನಾನು ಬಸ್ಸಿನವರೆಗೂ ಹಿಡಿದು ಓಡಿದೆ. ಅವಳು ಕಿಟಕಿಯಿಂದ ತಲೆ ಹಾಕಿ ಹೇಳಿದಳು: "ಅದು ದೋಣೀಲೇ ಇರ್ಲಿ. ಮುಂದಿನ ಗೌರಿಗೂ ನಾನು ಬರಬೇಕಲ್ಲ. ನಿನ್ನ ಮೋಟರ್ ನಂಬಲ್ಲ ನಾನು."

ಇಂತಿ ನಿನ್ನ ಮಾವ,
ಗಂಗುಲಪ್ಪ
(ಬಲಗಡೆ ಮೊರ ಹಾಕುವವನು)